ಕಾರ್ಡು ರದ್ದಾಗುವುದು ತಾಲ್ಲೂಕು ಕಚೇರಿಯಲ್ಲಿ, ಗೊತ್ತಾಗುವುದು ಆಸ್ಪತ್ರೆಯಲ್ಲಿ

(ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಸಹಕಾರ ಸಂಘಗಳ ಕಾರ್ಯದರ್ಶಿಗಳು, ಆಶಾ ಕಾರ್ಯಕರ್ತೆಯರು ಮತ್ತು ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ.)

ಆಸ್ಪತ್ರೆ ಖರ್ಚಿನ ಬಗ್ಗೆ ಮಾತನಾಡಿ ಎಂದು ನೀವು ಕರೆದಿರಿ. ನಾನು ರೇಷನ್ ಕಾರ್ಡಿನಿಂದಲೇ ಶುರು ಮಾಡುತ್ತೇನೆ. ನಮ್ಮ ಕಡೆ ಒಂದು ಮನೆಯ ಚಿಕಿತ್ಸೆಯ ಖರ್ಚನ್ನು ಯಾರು ಹೊರಬೇಕು ಎಂಬುದು ವೈದ್ಯರ ಕೋಣೆಯಲ್ಲಿ ತೀರ್ಮಾನವಾಗುವುದಿಲ್ಲ. ಅದು ಆಹಾರ ಇಲಾಖೆಯ ಕಡತದಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಅದೇ ಕುಟುಂಬದ ಕಾರ್ಡು ಎಪಿಎಲ್ ಆಯಿತೆನ್ನಿ, ಸರ್ಕಾರ ಕೊಡುವುದು ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ, ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಒಂದು ಲಕ್ಷದ ಶಸ್ತ್ರಚಿಕಿತ್ಸೆ ಎಂದುಕೊಳ್ಳಿ. ನಿನ್ನೆಯವರೆಗೆ ಕೈಯಿಂದ ಏನೂ ಕೊಡಬೇಕಾಗಿರಲಿಲ್ಲ, ಇಂದು 70 ಸಾವಿರ ಹೊಂದಿಸಬೇಕು. ರೋಗ ಅದೇ, ಮನೆ ಅದೇ, ಬಡತನವೂ ಅದೇ. ಬದಲಾದದ್ದು ಕಾರ್ಡಿನ ಮೇಲಿನ ಒಂದು ಅಕ್ಷರ.

ನಾನು ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗ ಕರೆದ ಹಳ್ಳಿಗಳಿಗೆ ಹೋಗಿ ಜನರ ಕಾರ್ಡುಗಳನ್ನು ಓದಿ ಹೇಳುತ್ತೇನೆ. ಆ ಕೆಲಸದಲ್ಲಿ ನನಗೆ ಮನದಟ್ಟಾದ ಒಂದು ಸಂಗತಿಯನ್ನು ಹೇಳಲೆಂದೇ ಬಂದಿದ್ದೇನೆ: ಹಳ್ಳಿಯವರು ವಿಮೆಯ ರಕ್ಷಣೆ ಕಳೆದುಕೊಳ್ಳುವುದು ಆರೋಗ್ಯವಾಗಿದ್ದಾಗ, ಅದು ಗೊತ್ತಾಗುವುದು ಕಾಯಿಲೆ ಬಿದ್ದಾಗ. ನಡುವಿನ ಆ ತಿಂಗಳುಗಳಲ್ಲಿ ಯಾರಾದರೂ ನೋಡಿದ್ದರೆ ಹೆಚ್ಚಿನವನ್ನು ಸರಿಪಡಿಸಬಹುದಾಗಿತ್ತು. ನೋಡಬಲ್ಲವರು ಈ ಸಭೆಯಲ್ಲಿ ಕುಳಿತಿರುವ ನೀವು.

ನಿಯಮಗಳು ಎಷ್ಟು ಸಲ ಬದಲಾದವು ಎಂಬುದನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ ಸಹಕಾರ ಸಂಘದ ರೈತರಿಗಾಗಿ ಯಶಸ್ವಿನಿ ಎಂಬ ಆರೋಗ್ಯ ರಕ್ಷಣಾ ಯೋಜನೆ ಬಂತು. 2003ರಲ್ಲಿ ಚಿಕಿತ್ಸೆ ಶುರುವಾಯಿತು. ಆಮೇಲೆ ಕೇಂದ್ರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ: 30 ರೂಪಾಯಿ ಕೊಟ್ಟರೆ ಐವರ ಕುಟುಂಬಕ್ಕೆ 30 ಸಾವಿರ ರೂಪಾಯಿಯ ಸ್ಮಾರ್ಟ್ ಕಾರ್ಡ್. ಬಿಪಿಎಲ್ ಕುಟುಂಬಗಳ ದೊಡ್ಡ ಕಾಯಿಲೆಗಳಿಗೆ ವಾಜಪೇಯಿ ಆರೋಗ್ಯಶ್ರೀ, ಎಪಿಎಲ್ ಕುಟುಂಬಗಳಿಗೆ ರಾಜೀವ್ ಆರೋಗ್ಯ ಭಾಗ್ಯ. 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಜಾರಿಗೆ ಬಂದು ಹಿಂದಿನವನ್ನೆಲ್ಲ ಒಳಗೆ ಸೇರಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿಕೊಂಡಿತು. ಆಮೇಲೆ ಹೆಸರು ಮತ್ತೆ ಬದಲಾಯಿತು, ಮುಖ್ಯಮಂತ್ರಿಗಳ ಆರೋಗ್ಯ ಕರ್ನಾಟಕ ಎಂಬುದು ಅದರಲ್ಲಿ ಸೇರಿತು. ಕಚೇರಿಯಲ್ಲಿ ಕುಳಿತವರಿಗೇ ಇಷ್ಟನ್ನು ನೆನಪಿಡುವುದು ಕಷ್ಟ. ಶೇಂಗಾ ಬಿತ್ತನೆಗೆ ಮಳೆ ಬರುತ್ತದೋ ಇಲ್ಲವೋ ಎಂದು ಮುಗಿಲು ನೋಡುತ್ತಾ ಕುಳಿತವರು ನೆನಪಿಡಬೇಕು ಎನ್ನುವುದು ನ್ಯಾಯವಲ್ಲ.

ಹೀಗೆ ಸೇರಿಸುವಾಗ ಯಾರು ಬಿಟ್ಟುಹೋದರು ಎಂಬುದನ್ನು ಮಾತ್ರ ಮರೆಯಬಾರದು. 2018ರಲ್ಲಿ ಯಶಸ್ವಿನಿಯನ್ನು ವಿಲೀನ ಮಾಡಿದಾಗ ಬಿಪಿಎಲ್ ಕಾರ್ಡ್ ಇದ್ದ ರೈತರಿಗೆ ದೊಡ್ಡ ನಷ್ಟವಾಗಲಿಲ್ಲ. ಎಪಿಎಲ್ ಕಾರ್ಡಿನ ರೈತ, ಸಂಘದಲ್ಲಿ ಷೇರು ಇಟ್ಟು ಪ್ರತಿ ವರ್ಷ ಕಂತು ಕಟ್ಟುತ್ತಿದ್ದವನು, ಒಮ್ಮೆಗೇ ಶೇ 30ರ ಪಟ್ಟಿಗೆ ಬಿದ್ದ. ಯಶಸ್ವಿನಿ ಮತ್ತೆ ಬಂದದ್ದು 2023ರ ಜನವರಿ 1ರಂದು. ನಡುವೆ ನಾಲ್ಕೂವರೆ ವರ್ಷ. ಆ ನಾಲ್ಕೂವರೆ ವರ್ಷದಲ್ಲೇ ಕೊರೊನಾ ಬಂದು ಹೋಯಿತು. ಹೃದಯದ ಆಪರೇಷನ್ನಿಗೆಂದು ಹೊಲ ಅಡವಿಟ್ಟವರು ನಿಮ್ಮ ನಿಮ್ಮ ಊರುಗಳಲ್ಲಿ ಇಲ್ಲವೇ? ಇದ್ದಾರೆ, ನೀವೇ ತಲೆಯಾಡಿಸುತ್ತಿದ್ದೀರಿ.

ಇಲ್ಲಿ ಸ್ವಲ್ಪ ಬೇರೆ ಮಾತು. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. ಗಿರಣಿಯಲ್ಲಿ ದುಡಿಯುವವನಿಗೆ 1948ರ ಕಾಯ್ದೆಯ ಪ್ರಕಾರ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ ಇತ್ತು. ಕಾರ್ಮಿಕನಿಗೆ, ಹೆಂಡತಿ ಮಕ್ಕಳಿಗೆ, ಅವನನ್ನೇ ನಂಬಿದ ತಂದೆ ತಾಯಿಗೆ ಚಿಕಿತ್ಸೆ ಸಿಗುತ್ತಿತ್ತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಸಂಬಳ ಹೋದದ್ದು ಎಲ್ಲರಿಗೂ ಕಂಡಿತು, ಚಿಕಿತ್ಸೆಯ ಹಕ್ಕೂ ಜೊತೆಗೇ ಹೋದದ್ದು ಕಾಯಿಲೆ ಬಂದ ಮನೆಗಳಿಗೆ ಮಾತ್ರ ಕಂಡಿತು. ಇವತ್ತು ನಮ್ಮ ತಾಲ್ಲೂಕುಗಳ ಹುಡುಗರು ಹುಡುಗಿಯರು ಬೆಂಗಳೂರಿನ ಗಾರ್ಮೆಂಟ್ಸ್‌ಗೆ, ಕಾರ್ಖಾನೆಗಳಿಗೆ ಹೋಗಿದ್ದಾರೆ. ತಿಂಗಳಿಗೆ 21 ಸಾವಿರದವರೆಗೆ ಸಂಬಳವಿರುವವರಿಗೆ ಇಎಸ್‌ಐ ಅನ್ವಯಿಸುತ್ತದೆ. ಮಗಳ ಸಂಬಳದಲ್ಲಿ ಪ್ರತಿ ತಿಂಗಳು ಅದಕ್ಕೆ ಹಣ ಕಡಿತವಾಗುತ್ತಿರುತ್ತದೆ. ಅವಳ ಅವಲಂಬಿತ ತಂದೆ ತಾಯಿಯ ಹೆಸರನ್ನು ಸೇರಿಸಬಹುದು ಎಂಬುದು ಮಾತ್ರ ಊರಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಆಶಾ ಅಕ್ಕಂದಿರೇ, ಮನೆ ಮನೆಗೆ ಹೋದಾಗ ಇದನ್ನೂ ಕೇಳಿ: ಹೊರಗೆ ದುಡಿಯುವ ಮಕ್ಕಳಿಗೆ ಇಎಸ್‌ಐ ಇದೆಯೇ, ಇದ್ದರೆ ಅದರಲ್ಲಿ ಯಾರ ಯಾರ ಹೆಸರು ಇದೆ?

ಈಗ ರೇಷನ್ ಕಾರ್ಡಿಗೆ ಮರಳುತ್ತೇನೆ. ಬಿಪಿಎಲ್‌ಗೆ ನಮ್ಮ ರಾಜ್ಯದ ಮಾನದಂಡಗಳು ನಿಮಗೆ ಗೊತ್ತೇ ಇವೆ. ಸರ್ಕಾರಿ ನೌಕರಿ ಇರಬಾರದು, ಆದಾಯ ತೆರಿಗೆ ಕಟ್ಟುವವರಿರಬಾರದು, ಸ್ವಂತ ಬಳಕೆಯ ನಾಲ್ಕು ಚಕ್ರದ ವಾಹನ ಇರಬಾರದು, ಮೂರು ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಭೂಮಿ ಇರಬಾರದು, ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ಮೀರಬಾರದು. ಕೊನೆಯ ಎರಡನ್ನು ನಮ್ಮ ನೆಲದಲ್ಲಿ ಇಟ್ಟು ನೋಡಿ. ಮೂರು ಹೆಕ್ಟೇರ್ ಎಂದರೆ ಸುಮಾರು ಏಳೂವರೆ ಎಕರೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆ ಎಂಟು ಎಕರೆ ಖುಷ್ಕಿ ಇರುವವನು ಶ್ರೀಮಂತನೇ? ಚಳ್ಳಕೆರೆಯೆಂದರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದು. ಮಳೆ ಕೈಕೊಟ್ಟ ವರ್ಷ ಆ ಎಂಟು ಎಕರೆಯಲ್ಲಿ ಬೀಜದ ಹಣವೂ ಹುಟ್ಟುವುದಿಲ್ಲ. ಭದ್ರಾ ಮೇಲ್ದಂಡೆ ನೀರು ಬರುತ್ತದೆ ಎಂದು ಕಾಯುತ್ತಲೇ ಒಂದು ತಲೆಮಾರು ಮುದುಕಾಯಿತು.

ಆದಾಯದ ಲೆಕ್ಕ ಇನ್ನೂ ಕಟು. ಗಂಡ ಹೆಂಡತಿ ಇಬ್ಬರೂ ದಿನಕ್ಕೆ 400 ರೂಪಾಯಿ ಕೂಲಿಗೆ ವರ್ಷದಲ್ಲಿ 150 ದಿನ ಹೋದರೆ ಅಲ್ಲಿಗೆ 1.20 ಲಕ್ಷ ಮುಟ್ಟಿತು. ಇನ್ನೊಂದು ವಾರ ಹೆಚ್ಚು ದುಡಿದರೆ ಕಾಗದದ ಮೇಲೆ ಅವರು ಬಡವರಲ್ಲ. ಅಕ್ಕಿಗಾಗಿ ಹಾಕಿದ ಈ ಗೆರೆಯನ್ನೇ ಕ್ಯಾನ್ಸರ್ ಚಿಕಿತ್ಸೆಗೂ ಗೆರೆಯಾಗಿ ಬಳಸುವುದು ತಪ್ಪು ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ತಿಂಗಳ ಅಕ್ಕಿಯನ್ನು ಹೇಗಾದರೂ ಕೊಂಡುಕೊಳ್ಳಬಲ್ಲ ಕುಟುಂಬ ಮೂರು ಲಕ್ಷದ ಚಿಕಿತ್ಸೆಯನ್ನು ಕೊಂಡುಕೊಳ್ಳಲಾರದು. ಈ ಎರಡನ್ನೂ ಬೇರ್ಪಡಿಸಬೇಕೆಂದು ನಿಮ್ಮ ಸಂಘಗಳ ಸಭೆಯಲ್ಲಿ ಠರಾವು ಮಾಡಿ ಕಳುಹಿಸಿ. ಅದು ಆಗುವವರೆಗೆ ಇರುವ ನಿಯಮದೊಳಗೆ ಜನರನ್ನು ಉಳಿಸಿಕೊಳ್ಳುವುದು ಹೇಗೆ ಎಂದು ನೋಡಬೇಕು.

2024ರ ನವೆಂಬರ್‌ನಲ್ಲಿ ಏನಾಯಿತು ನೆನಪಿದೆಯಲ್ಲ. ಬಿಪಿಎಲ್ ಕಾರ್ಡುಗಳನ್ನು ಪರಿಶೀಲಿಸಿ ಎಪಿಎಲ್‌ಗೆ ಬದಲಾಯಿಸುವ ಕೆಲಸ ನಡೆಯಿತು, ರಾಜ್ಯದ ಎಲ್ಲ ಕಡೆ ಗಲಾಟೆಯಾಯಿತು. ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿಸುವವರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ರದ್ದು ಮಾಡುವುದಿಲ್ಲ, ರದ್ದಾದವನ್ನು ಮರಳಿಸುತ್ತೇವೆ ಎಂದು ಸರ್ಕಾರ ಹೇಳಬೇಕಾಯಿತು. ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಅಕ್ಕಿಯ ಮಾತು ಬಹಳ ಬಂತು. ಆಸ್ಪತ್ರೆಯ ಮಾತು ಕಡಿಮೆ. ಕಾರ್ಡು ಬದಲಾಗಿದೆ ಎಂಬುದು ನ್ಯಾಯಬೆಲೆ ಅಂಗಡಿಯಲ್ಲಿ ತಿಂಗಳ ಕೊನೆಯೊಳಗೆ ಗೊತ್ತಾಗುತ್ತದೆ, ಏಕೆಂದರೆ ಅಕ್ಕಿ ಸಿಗುವುದಿಲ್ಲ. ಆದರೆ ಬೆಂಗಳೂರಿನಲ್ಲಿ ದುಡಿಯುವ ಕುಟುಂಬ, ಊರಲ್ಲಿ ಒಬ್ಬಳೇ ಇರುವ ಅಜ್ಜಿ, ಅಕ್ಕಿ ತರುವುದನ್ನೇ ಬಿಟ್ಟವರು, ಇವರಿಗೆಲ್ಲ ಗೊತ್ತಾಗುವುದು ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರು ಕಂಪ್ಯೂಟರಿನಲ್ಲಿ ಸಂಖ್ಯೆ ಹಾಕಿ ನೋಡಿ, 'ಇದು ಎಪಿಎಲ್ ತೋರಿಸುತ್ತಿದೆ' ಎಂದಾಗಲೇ.

ಕಾರ್ಡು ಕೈತಪ್ಪುವ ದಾರಿಗಳು ಹಲವು. ನಾನು ಹೆಚ್ಚಾಗಿ ಕಂಡವನ್ನು ಹೇಳುತ್ತೇನೆ.

ಟ್ರ್ಯಾಕ್ಟರ್ ಸಾಲಕ್ಕೋ ಆಟೊ ಸಾಲಕ್ಕೋ ಯಾರೋ ಹೇಳಿದರೆಂದು ಮಗ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿರುತ್ತಾನೆ. ತೆರಿಗೆ ಎಂದು ಒಂದು ರೂಪಾಯಿಯನ್ನೂ ಕಟ್ಟಿರುವುದಿಲ್ಲ. ಪಟ್ಟಿಯಲ್ಲಿ ಹೆಸರು ಬಂದು ಮನೆಯ ಕಾರ್ಡೇ ಹೋಗಿರುತ್ತದೆ. ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ತೆರಿಗೆ ಸೊನ್ನೆ ಎಂದು ತೋರಿಸುವ ಸ್ವೀಕೃತಿಯ ಪ್ರತಿಯನ್ನು ಅರ್ಜಿಯ ಜೊತೆ ಲಗತ್ತಿಸಬೇಕು. ಇನ್ನೊಂದು ಭಾಗವಾಗದ ಪಹಣಿ. ಅಜ್ಜನ ಕಾಲದ ಹದಿನೈದು ಎಕರೆ, ನಾಲ್ಕು ಜನ ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ಉಳುತ್ತಿರುತ್ತಾರೆ. ಕಾಗದದಲ್ಲಿ ಅದು ಹಿರಿಯಣ್ಣನ ಹೆಸರಿನಲ್ಲೇ ಇರುತ್ತದೆ. ಅವನ ಪಾಲು ನಾಲ್ಕು ಎಕರೆಯೂ ಇಲ್ಲ, ಲೆಕ್ಕದಲ್ಲಿ ಹದಿನೈದು ಎಕರೆಯ ಒಡೆಯ. ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ವಿಭಾಗ, ಪೋಡಿ (ಅಳತೆ ಮಾಡಿಸಿ ಪಾಲನ್ನು ದಾಖಲೆಯಲ್ಲಿ ಬೇರೆ ಮಾಡಿಸುವುದು) ಎಂದರೆ ಜನ ಮುಂದಕ್ಕೆ ಹಾಕುತ್ತಾರೆ. ಅದು ಜಮೀನಿನ ಕೆಲಸ ಮಾತ್ರವಲ್ಲ, ಆಸ್ಪತ್ರೆಯ ಕೆಲಸವೂ ಹೌದು ಎಂದು ಅವರಿಗೆ ಹೇಳಿ.

ಮೂರನೆಯದು ಸೊಸೆಯರ ಪಾಡು. ತವರಿನ ಕಾರ್ಡಿನಿಂದ ಹೆಸರು ತೆಗೆಸಿರುತ್ತಾರೆ, ಗಂಡನ ಮನೆಯ ಕಾರ್ಡಿಗೆ ಸೇರಿಸಿರುವುದಿಲ್ಲ. ಸೇರಿಸಲು ಹೋದಾಗ ತಿದ್ದುಪಡಿಯ ಪೋರ್ಟಲ್ ಮುಚ್ಚಿರುತ್ತದೆ, ತೆರೆದ ದಿನ ಸರ್ವರ್ ಸಿಗುವುದಿಲ್ಲ. ಹೀಗೆ ವರ್ಷ ಕಳೆದು, ಅವಳು ಯಾವ ಮನೆಗೂ ಸೇರದವಳಾಗಿ ಆಸ್ಪತ್ರೆಯಲ್ಲಿ ನಿಂತಿರುತ್ತಾಳೆ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಡುವ ಸಂಗತಿ, ಏಕೆಂದರೆ ಹೆರಿಗೆಯ ತೊಡಕು, ಗರ್ಭಕೋಶದ ತೊಂದರೆ ಎಲ್ಲ ಬರುವುದು ಆ ವಯಸ್ಸಿನಲ್ಲೇ. ಗಂಡನ ಮನೆಯ ಕಾರ್ಡಿಗೆ ಸೇರಿಸುವ ಅರ್ಜಿಯ ಕಾಗದಗಳು ಸಿದ್ಧವಾಗಿ, ಪೋರ್ಟಲ್ ತೆರೆದಿರುವುದು ಖಾತ್ರಿಯಾದ ಮೇಲೆಯೇ ತವರಿನಲ್ಲಿ ಹೆಸರು ತೆಗೆಸಿ ಎಂದು ಮದುವೆ ಮನೆಯಲ್ಲೇ ಹೇಳುವಷ್ಟು ಸಲಿಗೆ ನಿಮಗೆ ಇದೆ.

ಇನ್ನು ಹೆಬ್ಬೆಟ್ಟು. ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತಿನ ದೃಢೀಕರಣ, ಆಗದವರ ಹೆಸರು ಕಾರ್ಡಿನಿಂದ ಹೋಗುವ ಭಯ ಇದ್ದೇ ಇದೆ. ಶೇಂಗಾ ಬಿಡಿಸಿ, ಕಲ್ಲು ಹೊತ್ತು, ಬೀಡಿ ಕಟ್ಟಿ ಬೆರಳಿನ ಗೆರೆಗಳೇ ಸವೆದುಹೋದ ಮುದುಕಿಯರನ್ನು ಅಂಗಡಿಯ ಯಂತ್ರ ಗುರುತಿಸುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಸೀರೆಯ ಸೆರಗಿಗೆ ತಿಕ್ಕಿ, ಒಂದು ಬೆರಳಾದ ಮೇಲೆ ಇನ್ನೊಂದು ಬೆರಳು ಇಡಿಸಿ, ಹತ್ತೂ ಬೆರಳು ಮುಗಿದ ಮೇಲೆ 'ನಾಳೆ ಬಾ ಅಜ್ಜಿ' ಎನ್ನುತ್ತಾರೆ. ಅಂಥವರನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಹೊಸದಾಗಿ ಕೊಡಿಸಬೇಕು, ಮೊಬೈಲ್ ಸಂಖ್ಯೆಯನ್ನು ಜೋಡಿಸಬೇಕು. ಕರೆದುಕೊಂಡು ಹೋಗಲು ಒಬ್ಬರು ಬೇಕು, ಅಷ್ಟೇ. ಅವರ ಮಕ್ಕಳು ಊರಲ್ಲಿ ಇರುವುದಿಲ್ಲ.

ಒಂದು ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಇದೇ ತಾಲ್ಲೂಕಿನ ಒಂದು ಹಳ್ಳಿ. ಯಜಮಾನರು ಟ್ರಂಕಿನಿಂದ ಜವಳಿ ಅಂಗಡಿಯ ಒಂದು ಪ್ಲಾಸ್ಟಿಕ್ ಕವರ್ ತಂದು ಚಾಪೆಯ ಮೇಲೆ ಸುರಿದರು. 'ನಮಗೆ ಎಲ್ಲ ಕಾರ್ಡೂ ಇದೆ, ಸಾರ್' ಎಂದರು. ನಿಜ, ಎಲ್ಲ ಇತ್ತು. ಇಡೀ ಕುಟುಂಬದ ಫೋಟೊ ಇರುವ ಹಳೆಯ ಸ್ಮಾರ್ಟ್ ಕಾರ್ಡ್, ಫೋಟೊದಲ್ಲಿ ಮಡಿಲಲ್ಲಿದ್ದ ಮಗು ಈಗ ಕಾಲೇಜಿಗೆ ಹೋಗುತ್ತಿದ್ದಾನೆ. ವಿಲೀನಕ್ಕೆ ಮುಂಚಿನ ಯಶಸ್ವಿನಿ ಕಾರ್ಡು. ಯಾರೋ ಲ್ಯಾಮಿನೇಷನ್ ಮಾಡಿಸಿಕೊಟ್ಟ ಆಭಾ ಕಾರ್ಡು. ಮತ್ತೆ ರೇಷನ್ ಕಾರ್ಡು. ಇಷ್ಟರಲ್ಲಿ ಆಸ್ಪತ್ರೆಯಲ್ಲಿ ನಡೆಯುವುದು ರೇಷನ್ ಕಾರ್ಡು ಒಂದೇ. ಅದರಲ್ಲಿ ಅವರ ಹೆಂಡತಿಯ ಹೆಸರಿಗೆ ಇ-ಕೆವೈಸಿ ಆಗಿರಲಿಲ್ಲ. ಆ ತಾಯಿಗೆ ಸಕ್ಕರೆ ಕಾಯಿಲೆ, ಕಾಲಿನಲ್ಲಿ ಮಾಯದ ಗಾಯ. ಆ ದಿನವೇ ಅಂಗಡಿಗೆ ಕರೆದುಕೊಂಡು ಹೋಗಿ ಕೆವೈಸಿ ಮಾಡಿಸಿದೆವು.

ಆಭಾ ವಿಷಯ ಬಂತು, ಅದನ್ನು ಬಿಡಿಸಿ ಹೇಳಲೇಬೇಕು. ಆಭಾ ಎನ್ನುವುದು 14 ಅಂಕಿಯ ಒಂದು ಸಂಖ್ಯೆ. ನಿಮ್ಮ ವೈದ್ಯಕೀಯ ದಾಖಲೆಗಳನ್ನು ಒಂದು ಕಡೆ ಜೋಡಿಸಿಡಲು ಇರುವಂಥದ್ದು. ಬಡವರಿರಲಿ, ಶ್ರೀಮಂತರಿರಲಿ, ಯಾರು ಬೇಕಾದರೂ ಮಾಡಿಸಿಕೊಳ್ಳಬಹುದು. ಅದೊಂದರಿಂದಲೇ ಒಂದು ರೂಪಾಯಿಯ ಚಿಕಿತ್ಸೆಯೂ ಸಿಗುವುದಿಲ್ಲ. ಉಚಿತ ಚಿಕಿತ್ಸೆ ಕೊಡುವುದು ಆಯುಷ್ಮಾನ್ - ಆರೋಗ್ಯ ಕರ್ನಾಟಕದ ಅರ್ಹತೆ, ಅದಕ್ಕೆ ಬೇಕಾದದ್ದು ಆಧಾರ್ ಮತ್ತು ಚಾಲ್ತಿಯಲ್ಲಿರುವ ರೇಷನ್ ಕಾರ್ಡು. ಶಿಬಿರ ಮಾಡುವವರು 'ಆರೋಗ್ಯ ಕಾರ್ಡ್ ಕೊಟ್ಟೆವು' ಎಂದು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಜನ ಅದನ್ನೇ ವಿಮೆ ಎಂದು ನಂಬಿ ನೆಮ್ಮದಿಯಾಗಿರುತ್ತಾರೆ. ಆ ಸುಳ್ಳು ನೆಮ್ಮದಿ ಬಹಳ ಅಪಾಯ.

ಸಂಘದ ಕಾರ್ಯದರ್ಶಿಗಳಿಗೆ ಈಗ ಕೆಲವು ಮಾತು. ಕಾರ್ಡು ಎಪಿಎಲ್ ಆದ ಕುಟುಂಬಕ್ಕೆ ಯಶಸ್ವಿನಿಯೇ ದೊಡ್ಡ ಆಸರೆ. ಮತ್ತೆ ಶುರುವಾದಾಗ ನಿಗದಿಯಾದಂತೆ ಗ್ರಾಮೀಣ ಸಂಘದ ಸದಸ್ಯರ ಕುಟುಂಬಕ್ಕೆ ನಾಲ್ಕು ಜನರವರೆಗೆ ವರ್ಷಕ್ಕೆ 500 ರೂಪಾಯಿ, ಅದಕ್ಕಿಂತ ಹೆಚ್ಚಾದ ಪ್ರತಿಯೊಬ್ಬರಿಗೆ 100 ರೂಪಾಯಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರ ವಂತಿಗೆಯನ್ನು ಸರ್ಕಾರವೇ ಕಟ್ಟುತ್ತದೆ. ರಕ್ಷಣೆ ವರ್ಷಕ್ಕೆ 5 ಲಕ್ಷದವರೆಗೆ. ಕೃಷಿ ಪತ್ತಿನ ಸಂಘ ಮಾತ್ರವಲ್ಲ, ಶಿಮುಲ್‌ಗೆ (ಶಿವಮೊಗ್ಗ ಹಾಲು ಒಕ್ಕೂಟಕ್ಕೆ) ಹಾಲು ಹಾಕುವ ಉತ್ಪಾದಕರ ಸಂಘದ ಸದಸ್ಯರೂ ಸೇರಬಹುದು, ಸಹಕಾರ ಸಂಘದಲ್ಲಿ ವ್ಯವಹಾರ ಇಟ್ಟಿರುವ ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳೂ ಸೇರಬಹುದು. ಆದರೆ ಅದರ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ನೋಂದಣಿಗೆ ಕೊನೆಯ ದಿನಾಂಕ ಇರುತ್ತದೆ. ಕಳೆದ ವರ್ಷ ಕಟ್ಟಿದವರು ಈ ವರ್ಷವೂ ನಡೆಯುತ್ತದೆ ಎಂದುಕೊಂಡಿರುತ್ತಾರೆ. ನಡೆಯುವುದಿಲ್ಲ, ಪ್ರತಿ ವರ್ಷ ನವೀಕರಿಸಬೇಕು. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗ, ಹಾಲಿನ ಬಟವಾಡೆ ದಿನ, ಒಂದು ಮೇಜು ಹಾಕಿ ಕುಳಿತುಕೊಳ್ಳಿ. ಕಟ್ಟಿಸಿಕೊಂಡ ಮೇಲೆ ರಸೀದಿ ಕೊಡಿ, ಅವರ ಹೆಸರು ಆನ್‌ಲೈನ್‌ನಲ್ಲಿ ಏರಿದೆಯೇ ಎಂದು ನೀವೇ ನೋಡಿ. ಹಣ ಕಟ್ಟಿಯೂ ಹೆಸರು ಏರದೆ, ಆಸ್ಪತ್ರೆಯಲ್ಲಿ ರಸೀದಿ ಹಿಡಿದು ಅತ್ತವರನ್ನು ನಾನು ನೋಡಿದ್ದೇನೆ. ಆ ಸಂಘದ ಹೆಸರು ಬೇಡ. ಅದು ಇನ್ನೆಲ್ಲೂ ಆಗದಿರಲಿ.

ನೀವು ಮಾಡಬೇಕಾದ ಕೆಲಸ ಏನು ಎಂದು ಹಿಂದಿನ ಸಾಲಿನ ಒಬ್ಬ ತಾಯಿ ಕೇಳಿದರು. ಒಂದು ನೋಟ್‌ಬುಕ್ ಸಾಕು. ನಿಮ್ಮ ಬೀದಿಯ ಪ್ರತಿ ಮನೆಗೆ ಒಂದು ಪುಟ. ರೇಷನ್ ಕಾರ್ಡು ಚಾಲ್ತಿಯಲ್ಲಿದೆಯೇ, ಬಿಪಿಎಲ್ಲೋ ಎಪಿಎಲ್ಲೋ, ಮನೆಯಲ್ಲಿ ಇರುವವರೆಲ್ಲರ ಹೆಸರೂ ಅದರಲ್ಲಿದೆಯೇ, ಯಾರ ಕೆವೈಸಿ ಬಾಕಿ, ಯಶಸ್ವಿನಿ ಕಟ್ಟಿದ್ದಾರೆಯೇ. ವರ್ಷಕ್ಕೆ ಎರಡು ಸಲ ಈ ಪುಟ ತಿರುವಿದರೆ ಆಯಿತು. ಬಿ.ಪಿ. ನೋಡುವುದನ್ನು ರೂಢಿ ಮಾಡಿಕೊಂಡಿದ್ದೀರಲ್ಲ, ಹಾಗೆಯೇ ಇದು. ಗ್ರಾಮ ಒನ್ ಕೇಂದ್ರದಲ್ಲೋ ನ್ಯಾಯಬೆಲೆ ಅಂಗಡಿಯಲ್ಲೋ ಕಾರ್ಡಿನ ಸ್ಥಿತಿಯನ್ನು ನೋಡಿ ಹೇಳುತ್ತಾರೆ. ಆಧಾರ್ ಸಂಖ್ಯೆಯನ್ನು ಮಾತ್ರ ಆ ನೋಟ್‌ಬುಕ್ಕಿನಲ್ಲಿ ಬರೆಯಬೇಡಿ, ಓಟಿಪಿಯನ್ನು ಯಾರಿಂದಲೂ ಕೇಳಿ ಪಡೆಯಬೇಡಿ. ಜನ ನಿಮ್ಮ ಮೇಲೆ ಇಟ್ಟ ನಂಬಿಕೆ ಅದಕ್ಕಿಂತ ದೊಡ್ಡದು.

ಕಾರ್ಡು ರದ್ದಾಗಿದೆ ಎಂದು ಕಂಡರೆ ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ ಬರವಣಿಗೆಯಲ್ಲಿ ಅರ್ಜಿ ಕೊಡಿಸಿ. ಬಾಯಿಮಾತಿನಲ್ಲಿ ಕೇಳಿ ಬಂದರೆ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಯಾವ ಕಾರಣಕ್ಕೆ ರದ್ದಾಯಿತು ಎಂದು ಅರ್ಜಿಯಲ್ಲೇ ಕೇಳಿ, ಸ್ವೀಕೃತಿ ಪಡೆಯಿರಿ. ಅಲ್ಲಿ ಆಗದಿದ್ದರೆ 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕು, ಅವರ ಮೇಲೆ ರಾಜ್ಯ ಆಹಾರ ಆಯೋಗ ಇದೆ. ಮನೆಯಲ್ಲಿ ಡಯಾಲಿಸಿಸ್‌ನವರೋ ಕ್ಯಾನ್ಸರ್‌ನವರೋ ಇದ್ದರೆ ಅದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ, ಚಿಕಿತ್ಸೆಯ ಚೀಟಿ ಲಗತ್ತಿಸಿ. ಚಿಕಿತ್ಸೆ ನಡುವೆ ಇರುವವರ ರಕ್ಷಣೆಯನ್ನು ಕಾರ್ಡಿನ ತನಿಖೆ ಮುಗಿಯುವವರೆಗೆ ಕಡಿಯಬಾರದು ಎಂದು ಸರ್ಕಾರವೇ ನಿಯಮ ಮಾಡಬೇಕು. ಕಾರ್ಡು ಬದಲಾಯಿಸುವ ನೋಟಿಸಿನಲ್ಲಿ 'ನಿಮ್ಮ ಆಸ್ಪತ್ರೆ ಸೌಲಭ್ಯವೂ ಬದಲಾಗುತ್ತದೆ' ಎಂದು ಕನ್ನಡದಲ್ಲಿ ಒಂದು ಸಾಲು ಇರಬೇಕು. ಇದು ದೊಡ್ಡ ಬೇಡಿಕೆಯೇ? ನನಗೆ ಹಾಗೆ ಅನಿಸುವುದಿಲ್ಲ.

ಕೊನೆಯದಾಗಿ, ರೋಗಿ ಆಗಲೇ ಆಸ್ಪತ್ರೆಯಲ್ಲಿದ್ದು, ಕಾರ್ಡು ನಡೆಯುವುದಿಲ್ಲ ಎಂದು ಅಲ್ಲಿ ಗೊತ್ತಾದರೆ ಏನು ಮಾಡಬೇಕು ಎಂಬುದು. ಮೊದಲು ಹಣ ಕಟ್ಟಿ ಆಮೇಲೆ ವಾಪಸ್ ಪಡೆಯುವ ಯೋಜನೆ ಇದಲ್ಲ. ಆದ್ದರಿಂದ ಬಿಲ್ ಕಟ್ಟುವ ಮುಂಚೆಯೇ ಆರೋಗ್ಯ ಮಿತ್ರರನ್ನು ಕಾಣಬೇಕು. ಕಾರ್ಡು ಇಲ್ಲದವರಿಗೂ ಸಾಮಾನ್ಯ ವರ್ಗದಲ್ಲಿ ಶೇ 30 ಸಿಗುತ್ತದೆ, ಅದನ್ನು ಬಿಡಬೇಡಿ. ಯಶಸ್ವಿನಿ ಕಟ್ಟಿದ್ದರೆ ಅದರ ಅಡಿಯಲ್ಲಿ ಆಗುತ್ತದೆಯೇ ಎಂದು ಕೇಳಿ, ಏಕೆಂದರೆ ಆ ಆಸ್ಪತ್ರೆ ಒಂದು ಯೋಜನೆಯ ಪಟ್ಟಿಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ತುರ್ತು ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಿಲ್ಲ. ಉಳಿದ ಚಿಕಿತ್ಸೆಗಳಿಗೆ ಖಾಸಗಿ ಆಸ್ಪತ್ರೆಗೆ ಹೋಗಲು ಅದು ಬೇಕೇ ಬೇಕು, ಸಣ್ಣ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ರೋಗಿಯನ್ನು ಸಾಗಿಸಬಹುದು ಎಂದು ವೈದ್ಯರು ಹೇಳಿದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೋ ಕರೆದೊಯ್ಯುವುದನ್ನು ಸೋಲು ಎಂದು ತಿಳಿಯಬೇಡಿ. ಸಂದೇಹವಿದ್ದರೆ ಆರೋಗ್ಯ ಸಹಾಯವಾಣಿ 104, ಆಯುಷ್ಮಾನ್ ಸಹಾಯವಾಣಿ 14555. ಆ ಎರಡು ಸಂಖ್ಯೆಗಳನ್ನು ಇವತ್ತೇ ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಎರಡನೆಯ ಪುಟದಿಂದ ನಿಮ್ಮ ಬೀದಿಯ ಮನೆಗಳು.